ವಚನ ಪಾಲಿಸಲು ಹೊರಟವರ ಪಾಡು

ಬೈಬಲನ್ನು ಓದಿ, ಕಣ್ಣಿಗೊತ್ತಿಕೊಂಡು, ಕಪಾಟಿನಲ್ಲಿ ಇಟ್ಟುಬಿಟ್ಟರೆ ಯಾರಿಗೂ ತೊಂದರೆಯಿಲ್ಲ. ಭಾನುವಾರ ಓದಿದ್ದನ್ನು ಸೋಮವಾರ ಬೆಳಿಗ್ಗೆಯೇ ಮಾಡಿ ತೋರಿಸುತ್ತೇವೆಂದು ಹೊರಟರೆ ಮಾತ್ರ ಒಂದಲ್ಲ ಒಂದು ಫಜೀತಿ ಬಾಗಿಲಿಗೆ ಬಂದು ನಿಂತೇ ನಿಲ್ಲುತ್ತದೆ. ನಾವು ಹಾಗೆ ಹೊರಟವರು!

ಅರವತ್ತರ ದಶಕದಲ್ಲಿ ನಾನೂ ನನ್ನ ಯಜಮಾನರೂ ಉಡುಪಿ ಕಡೆಯಿಂದ ಕೊಚ್ಚಿಗೆ ಬಂದೆವು. ನನಗೆ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕಚೇರಿಯಲ್ಲಿ ಸ್ಟೆನೋ ಕೆಲಸ, ಅವರಿಗೆ ಬ್ಯಾಂಕು. ಅಲ್ಲಿದ್ದ ಕೆಲವು ಕನ್ನಡ ಕ್ರೈಸ್ತ ಕುಟುಂಬಗಳು ಭಾನುವಾರ ಸಂಜೆ ಒಬ್ಬರ ಮನೆಯಲ್ಲಿ ಸೇರಿ ಬೈಬಲ್ ಓದುತ್ತಿದ್ದೆವು. ಮಗಳ ಮನೆಯಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಗುರು. ಒಂದು ದಿನ ಅವರು ಮೇಜು ಗುದ್ದಿ, “ಕೇಳಿ ಕೇಳಿ ನಿಮ್ಮ ಕಿವಿ ಪುಣ್ಯವಂತ ಆಯ್ತು. ಕೈಕಾಲು ಎಂದು ಆಗುವುದು? ವಾರಕ್ಕೊಂದು ಪಾಠ ಕೊಡ್ತೇನೆ. ಬದುಕಿ ತೋರಿಸಿ!” ಎಂದರು. ನಮಗೆಲ್ಲ ರೋಮಾಂಚನ. ಮನೆಗೆ ಹೋಗುವಾಗ ಯಾರ ಕಾಲೂ ನೆಲದ ಮೇಲಿರಲಿಲ್ಲ.

ಇನ್ನೊಂದು ಕಾಲು

ಮೊದಲ ವಾರದ ಪಾಠ, ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನೂ ಒಡ್ಡುವುದು. ನಮ್ಮ ಕೂಟದಲ್ಲಿ ಧಾರವಾಡದ ಗುಮಾಸ್ತರೊಬ್ಬರಿದ್ದರು. ಮೂಗಿನ ತುದಿಯಲ್ಲೇ ಸಿಟ್ಟು. ಮೇಷ್ಟ್ರು ಪಾಠ ಹೇಳುವಾಗ ಎಲ್ಲರೂ ಅವರನ್ನೇ ನೋಡಿದ್ದರು.

ಸೋಮವಾರ ಬೆಳಿಗ್ಗೆ ಐಲ್ಯಾಂಡಿಗೆ ಹೋಗುವ ಬೋಟಿನಲ್ಲಿ ಕಾಲಿಡಲೂ ಜಾಗವಿಲ್ಲ. ದಪ್ಪ ಬೂಟಿನ ಆಸಾಮಿಯೊಬ್ಬ ನಮ್ಮ ಗುಮಾಸ್ತರ ಕಾಲನ್ನು ಸರಿಯಾಗಿ ಮೆಟ್ಟಿಬಿಟ್ಟ. ಅವರ ಮುಖ ಕೆಂಪಾಯಿತು, ಕೈ ಮೇಲೆದ್ದಿತು. ನಾನು ಹೆಂಗಸರ ಬೆಂಚಿನಲ್ಲಿ ಕೂತು ಪ್ರಾರ್ಥನೆ ಶುರು ಮಾಡಿದೆ. ಪಾಪ, ಅವರಿಗೆ ಪಾಠ ನೆನಪಾಯಿತು. ಎದ್ದ ಕೈಯನ್ನು ಮಡಚಿ, ಚಪ್ಪಲಿ ಕಳಚಿ, ಇನ್ನೊಂದು ಕಾಲನ್ನು ಮುಂದೆ ಚಾಚಿ, ಬಾರದ ಮಲಯಾಳದಲ್ಲಿ ಕನ್ನಡ ಸೇರಿಸಿ, “ಸಾರೇ, ಇದನ್ನೂ ಮೆಟ್ರಿ. ಸಂಕೋಚ ಮಾಡಬ್ಯಾಡ್ರಿ!” ಎಂದು ನಗುನಗುತ್ತಾ ಕೇಳಿಕೊಂಡರು.

ಆಸಾಮಿ ಇವರ ನಗುವನ್ನೊಮ್ಮೆ, ಬರಿಗಾಲನ್ನೊಮ್ಮೆ ನೋಡಿ ಬೋಟಿನ ಆ ತುದಿಗೆ ಓಡಿದ. ಅಕ್ಕಪಕ್ಕದವರೂ ಮೆಲ್ಲಗೆ ಎದ್ದು ಜಾಗ ಖಾಲಿ ಮಾಡಿದರು. ಅಂದಿನಿಂದ ಅವರು ಬೋಟು ಹತ್ತಿದರೆ ಒಂದು ಇಡೀ ಬೆಂಚು ಅವರದೇ.

ಭಾನುವಾರ ಎದ್ದುನಿಂತು ಸಾಕ್ಷಿ ಹೇಳಿದರು: “ಶಾಂತರಿಗೆ ಭೂಮಿ ಸಿಗತೈತಿ ಅಂತ ಬೈಬಲಿನಾಗ ಐತಲ್ರಿ, ಅದು ಖರೇನ. ಭೂಮಿ ಆಮ್ಯಾಲೆ ನೋಡೂಣು, ಸದ್ಯಕ್ಕ ಬೋಟಿನ ಬೆಂಚು ಸಿಕ್ಕೈತಿ!”

ಸರ್ ಕೋಣೆಯಲ್ಲಿಲ್ಲ

ಮುಂದಿನ ಪಾಠ ಬಂದದ್ದು ನನ್ನ ಕುತ್ತಿಗೆಗೆ. ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಬೇರೆ ಮಾತು ಬೇಡ. ನನ್ನ ಕೆಲಸವೋ ಆಗಿನ್ನೂ ಖಾಯಂ ಆಗಿರಲಿಲ್ಲ. ನಮ್ಮ ಸಾಹೇಬರು ಮಲಯಾಳಿ. ಒಳ್ಳೆಯ ಮನುಷ್ಯ, ಆದರೆ ಫೋನ್ ಎಂದರೆ ಆಗದು. ಸೋಮವಾರ ಬಂದವರೇ, “ಇವತ್ತು ಯಾರು ಕೇಳಿದರೂ ನಾನಿಲ್ಲ ಅನ್ನು” ಎಂದರು.

ನಾನು ಪೆನ್ಸಿಲು ಕೆಳಗಿಟ್ಟು ಎದ್ದು ನಿಂತೆ. “ಸರ್, ಈ ವಾರ ನನಗೆ ಸುಳ್ಳು ಹೇಳಲಿಕ್ಕಾಗುವುದಿಲ್ಲ.”

“ಈ ವಾರ ಮಾತ್ರವೋ?”

“ಮುಂದಿನ ವಾರದ ಪಾಠ ಇನ್ನೂ ಗೊತ್ತಿಲ್ಲ ಸರ್.”

ಕೆಲಸ ಹೋಯಿತೆಂದೇ ಎಣಿಸಿದೆ. ಅವರು ಗಟ್ಟಿಯಾಗಿ ನಕ್ಕು ಒಂದು ಉಪಾಯ ಹೇಳಿದರು. ಫೋನ್ ಬಡಿದುಕೊಂಡರೆ ಅವರು ಎದ್ದು ವರಾಂಡಕ್ಕೆ ಹೋಗುವುದು, ನಾನು ಧೈರ್ಯವಾಗಿ “ಸರ್ ಕೋಣೆಯಲ್ಲಿಲ್ಲ” ಎನ್ನುವುದು. ಬೆಳಿಗ್ಗೆಯೆಲ್ಲ ಇದೇ ಆಯಿತು. ನನಗೆ ಸತ್ಯ ಉಳಿಯಿತು, ಅವರಿಗೆ ವ್ಯಾಯಾಮ ಆಯಿತು.

ಮಧ್ಯಾಹ್ನ ಮತ್ತೆ ಫೋನ್. ಸಾಹೇಬರು ವರಾಂಡಕ್ಕೆ ಜಿಗಿದರು. ಆ ಕಡೆಯಿಂದ ಹೆಂಗಸಿನ ಸ್ವರ.

“ಸರ್ ಕೋಣೆಯಲ್ಲಿಲ್ಲ” ಎಂದೆ.

“ಗೊತ್ತು. ನಾನು ಅವನ ಅತ್ತೆ. ಕೆಳಗೆ ಗೇಟಿನ ಹತ್ತಿರದ ಫೋನಿನಿಂದ ಮಾತಾಡುತ್ತಿದ್ದೇನೆ. ಅವನು ವರಾಂಡದಲ್ಲಿ ನಿಂತಿರುವುದು ಕಾಣುತ್ತಿದೆ. ಅಲ್ಲೇ ನಿಲ್ಲಲಿ, ಮೇಲೆ ಬರುತ್ತೇನೆ!”

ಅತ್ತೆಯವರು ಸಂಜೆಯವರೆಗೂ ಅಲ್ಲೇ ಕೂತು ಅಳಿಯನ ನಡತೆಯನ್ನು ವಿಚಾರಿಸಿದರು. ಅವರನ್ನು ಬೋಟು ಹತ್ತಿಸಿ ಬಂದ ಸಾಹೇಬರು ನನ್ನನ್ನು ಏನೂ ಅನ್ನಲಿಲ್ಲ. ಮುಂದಿನ ಸೋಮವಾರ ಮಾತ್ರ, “ಈ ವಾರದ ಪಾಠ ಯಾವುದಂತೆ?” ಎಂದು ವಿಚಾರಿಸಿದರು.

“ರೂತಳ ಕಥೆ ಸರ್. ಅತ್ತೆಯನ್ನು ಜನ್ಮದಲ್ಲಿ ಬಿಟ್ಟಿರಲಾರೆ ಎಂದ ಸೊಸೆ.”

ಸಾಹೇಬರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. “ನಾನು ನಿಮ್ಮ ಮೇಷ್ಟ್ರಿಗೆ ಏನು ಅನ್ಯಾಯ ಮಾಡಿದ್ದೇನೆ?”

ಬಲಗೈ, ಎಡಗೈ

ಎಪ್ಪತ್ತರ ಹೊತ್ತಿಗೆ ನಮಗೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿಯೂ ಒಂದು ಕನ್ನಡ ಕೂಟ ಹುಟ್ಟಿಕೊಂಡಿತು. ಮೇಷ್ಟ್ರಿಲ್ಲದ ಕಾರಣ ನನ್ನ ಯಜಮಾನರೇ ಮುಂದಾಳು. ಅವರ ಹುರುಪು ಮೇಷ್ಟ್ರಿಗಿಂತ ಒಂದು ಕೈ ಹೆಚ್ಚು.

ಅಕ್ಕಿಗೆ ಬಹಳ ಪರದಾಟದ ಕಾಲ. ಮನೆಯಲ್ಲಿ ಹೆಚ್ಚು ಅಕ್ಕಿ ಇಟ್ಟುಕೊಂಡರೆ ಕಾಳಸಂತೆಯವರೆಂದು ಹಿಡಿಯುತ್ತಾರೆ ಎಂಬ ಹೆದರಿಕೆ ಬೇರೆ. ಆಗ ರಾಕೆಟ್ ಕೇಂದ್ರದ ಕೆಲಸಕ್ಕೆಂದು ಮೈಸೂರಿನ ಯುವ ದಂಪತಿ ನಮ್ಮ ಬಡಾವಣೆಗೆ ಬಂದರು. ಅವರಿಗಿನ್ನೂ ರೇಷನ್ ಕಾರ್ಡ್ ಸಿಕ್ಕಿರಲಿಲ್ಲ. ನಮ್ಮ ಯಜಮಾನರು ಕೂಟದಲ್ಲಿ, “ಸಹಾಯ ಮಾಡಬೇಕು, ಆದರೆ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು! ಯಾರೂ ಬಾಯಿ ಬಿಡಬಾರದು!” ಎಂದು ಅಪ್ಪಣೆ ಮಾಡಿದರು.

ಎಲ್ಲರೂ ಅಕ್ಷರಶಃ ಪಾಲಿಸಿದರು. ಬೆಳಗಿನ ಜಾವ ಒಬ್ಬರಿಗೊಬ್ಬರು ಕಾಣದ ಹಾಗೆ ಹೋಗಿ, ಅಕ್ಕಿಯ ಗಂಟನ್ನು ಆ ಮನೆಯ ಬಾಗಿಲಲ್ಲಿಟ್ಟು ಬಂದರು.

ಮುಂದಿನ ಭಾನುವಾರ ಆ ಯುವಕ ಹೆಂಡತಿಯೊಂದಿಗೆ ಕೂಟಕ್ಕೆ ಬಂದ. ಮುಖ ಬಿಳಿಚಿಕೊಂಡಿತ್ತು. “ಸಾರ್, ನಮಗೆ ಈ ಊರಲ್ಲಿ ಯಾರೋ ಶತ್ರುಗಳಿದ್ದಾರೆ. ಬೆಳಿಗ್ಗೆ ಬಾಗಿಲು ತೆಗೆದರೆ ಅಕ್ಕಿ ಮೂಟೆಗಳ ರಾಶಿ! ನನ್ನನ್ನ ಸಿಕ್ಕಿಸಿಹಾಕಬೇಕು ಅಂತಲೇ ಇಟ್ಟಿದ್ದಾರೆ. ಸೆಂಟ್ರಲ್ ಗೌರ್ಮೆಂಟ್ ಕೆಲಸ ಸಾರ್, ಸಿಕ್ಕಿಬಿದ್ರೆ ಮುಗೀತು. ಅಷ್ಟನ್ನೂ ಆಟೋಗೆ ಹಾಕ್ಕೊಂಡು ಹೋಗಿ ಸಪ್ಲೈ ಆಫೀಸಿಗೆ ಒಪ್ಪಿಸಿಬಿಟ್ಟೆ.”

ಒಬ್ಬರು ತಲೆಯೆತ್ತಿ ಮಾಡಿನ ಹಂಚು ನೋಡಿದರು, ಇನ್ನೊಬ್ಬರು ಕೀರ್ತನೆಯ ಪುಟ ಹುಡುಕಿದರು. ಎಡಗೈಗೆ ತಿಳಿಯಬಾರದಲ್ಲ! ಯಜಮಾನರು ಗಂಭೀರವಾಗಿ, “ಎಲ್ಲವನ್ನೂ ಕೊಟ್ರಾ?” ಎಂದರು.

“ಒಂದು ಕಾಳು ಬಿಡದೆ ಸಾರ್. ಆಫೀಸಿನವರು ನೆಲದಲ್ಲೇ ಸುರಿದು ಎಲ್ಲವನ್ನೂ ಕುಚ್ಚಲಕ್ಕಿ ಜೊತೆ ಬೆರೆಸಿದ್ರು.”

“ಅಯ್ಯೋ ಮಾರಾಯಾ!” ಎಂದು ಯಜಮಾನರು ಎದ್ದೇಬಿಟ್ಟರು. “ನಾನಿಟ್ಟದ್ದು ಚಾಲೈ ಮಾರ್ಕೆಟ್ ಇಡೀ ಸುತ್ತಿ ತಂದ ಸಣ್ಣಕ್ಕಿ!”

ತಲೆಯ ಮೇಲೆ ಕೆಂಡ

ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಒಬ್ಬ ಅಮ್ಮಚ್ಚಿ ಇದ್ದರು, ಸುರಿಯಾನಿ ಕ್ರೈಸ್ತರ ಹಿರಿಯ ಹೆಂಗಸು. ಅವರ ಹಲಸಿನ ಕೊಂಬೆ ನಮ್ಮ ಮಾಡಿನ ಮೇಲೆ. ಒಂದು ಹಣ್ಣು ಬಿದ್ದು ಹಂಚು ಪುಡಿಯಾಯಿತು. ನಾನು ಕೂಗಾಡಿದೆ, ಅವರು ಅದಕ್ಕಿಂತ ಜೋರಾಗಿ ಕೂಗಾಡಿದರು. ಮಾತುಕತೆ ನಿಂತಿತು.

ಆಗಲೇ ಯಜಮಾನರ ಪಾಠ: ಹಸಿದ ಶತ್ರುವಿಗೆ ಊಟ ಹಾಕಿದರೆ ಅವನ ತಲೆಯ ಮೇಲೆ ಕೆಂಡ ಸುರಿದ ಹಾಗೆ. ನನಗಂತೂ ಬಹಳ ಇಷ್ಟವಾಯಿತು! ಅಂದೇ ಕೋರಿ ರೊಟ್ಟಿ ಮಾಡಿ ಎರಡು ಮನೆಗಳ ನಡುವಿನ ಗೋಡೆಯ ಮೇಲಿಟ್ಟೆ. ಅಮ್ಮಚ್ಚಿ ಮಾತಿಲ್ಲದೆ ಎತ್ತಿಕೊಂಡರು. ಮರುದಿನ ನನ್ನ ಪಾತ್ರೆಯಲ್ಲಿ ಅಕ್ಕಿ ಹಿಟ್ಟಿನ ಅಪ್ಪ, ಬಾತುಕೋಳಿ ರೋಸ್ಟ್ ಬಂತು. ನಾನು ಪತ್ರೊಡೆ ಕಳಿಸಿದೆ. ಅವರು ಹುಳಿ ಮೀನು ಕಳಿಸಿದರು. ಯಜಮಾನರ ಕೆನ್ನೆ ತುಂಬಿಕೊಂಡಿತು, ಪ್ಯಾಂಟು ಬಿಗಿಯಾಯಿತು.

ಕಡೆಗೆ ನನಗೇ ತಡೆಯಲಾಗಲಿಲ್ಲ. ಗೋಡೆಯ ಹತ್ತಿರ ಹೋಗಿ, “ಅಮ್ಮಚ್ಚಿ, ಸಿಟ್ಟಿರುವಾಗ ಇಷ್ಟೆಲ್ಲ ಯಾಕೆ ಕಳಿಸುತ್ತೀರಿ?” ಎಂದೆ.

ಅವರು ನನ್ನ ನೆತ್ತಿಯನ್ನೇ ದಿಟ್ಟಿಸಿದರು. “ಶತ್ರುವಿಗೆ ಉಣಿಸಿದರೆ ತಲೆ ಮೇಲೆ ಕೆಂಡ ಬೀಳುತ್ತದೆಂದು ನಮ್ಮ ಚರ್ಚಿನ ಪಾದ್ರಿ, ಅಚ್ಚನ್, ಪ್ರಸಂಗ ಮಾಡಿದರು. ನಿನಗಿನ್ನೂ ಸುಟ್ಟಿಲ್ಲವಾ ಮಗಳೇ?”

ನಾನು ಗೋಡೆ ಹಿಡಿದು ನಕ್ಕೆ. ನನ್ನ ಕೋರಿ ರೊಟ್ಟಿಯ ಗುಟ್ಟು ಕೇಳಿ ಅವರೂ ಕಣ್ಣೀರು ಬರುವಷ್ಟು ನಕ್ಕರು. ಕೊಂಬೆ ಕಡಿಸಿದರು, ಹಂಚು ಹಾಕಿಸಿದರು. ನಾವು ಗಳಸ್ಯ ಕಂಠಸ್ಯ ಆದೆವು. ಊಟ ಮಾತ್ರ ನಿಂತುಹೋಯಿತು. ಶತ್ರುಗಳೇ ಅಲ್ಲವಲ್ಲ!

ದಿನವೂ ನನ್ನ ಗಂಜಿ, ಚಟ್ನಿ ಉಂಡು ಯಜಮಾನರು ಬೇಸತ್ತರು. ಒಂದು ಭಾನುವಾರ ಚರ್ಚಿನಿಂದ ಬಂದವರೇ ಪೊರಕೆ ಹಿಡಿದು, ಅಂಗಳದ ತರಗೆಲೆಯನ್ನೆಲ್ಲ ಗುಡಿಸಿ, ಅಮ್ಮಚ್ಚಿ ನೋಡುತ್ತಿರುವಂತೆಯೇ ಗೋಡೆಯಾಚೆ ಸುರಿದರು. ಅಮ್ಮಚ್ಚಿ ಬೊಬ್ಬೆ ಹಾಕಿದರು. ಇವರು ಒಳಗೆ ಬಂದು ಕೈ ಉಜ್ಜಿಕೊಂಡು, “ಶತ್ರುತ್ವ ಶುರುವಾಯ್ತು ಮಾರಾಯ್ತಿ! ಇವತ್ತು ನೀನು ಒಲೆ ಹಚ್ಚಬೇಡ” ಎಂದರು.

ಬಟ್ಟಲು ಮುಂದಿಟ್ಟುಕೊಂಡು ಕಾದೆವು. ಹೊಟ್ಟೆ ಚುರುಗುಟ್ಟಿತು. ಕೊನೆಗೆ ಗೋಡೆಯಾಚೆಯಿಂದ ಅಮ್ಮಚ್ಚಿಯ ಕೂಗು ಕೇಳಿತು. ಯಜಮಾನರು ದೊಡ್ಡ ಪಾತ್ರೆಯನ್ನೇ ಎತ್ತಿಕೊಂಡು ಓಡಿದರು.

“ಸಾರೇ,” ಎಂದರು ಅಮ್ಮಚ್ಚಿ, “ನಮ್ಮ ಅಚ್ಚನ್ ಇವತ್ತು ಉಪವಾಸದ ಬಗ್ಗೆ ಪ್ರಸಂಗ ಮಾಡಿದ್ದಾರೆ. ನಿಮ್ಮ ಪ್ಯಾಂಟಿಗೂ ಅದೇ ಒಳ್ಳೆಯದು!”