ಬಳೆಯ ಮೂರನೆಯ ಪಿನ್ನು

ಬಿಜೂರಿನಲ್ಲಿ ಈ ಕತೆಗೆ ಎರಡು ಪಾಠಗಳಿವೆ. ನೆರೆಮನೆಯ ಮೂಕಾಂಬಿಕಾ ಹೇಳುವ ಪಾಠದಲ್ಲಿ ಪಿನ್ನು ಕಳೆದದ್ದು ಬೆಳಗಿನ ಏಳು ಗಂಟೆಗೆ. ಅಕ್ಕಿ ಮಿಲ್ಲಿನ ಅಣ್ಣಯ್ಯನ ಪಾಠದಲ್ಲಿ ಎಂಟಕ್ಕೆ. ಕಳೆದದ್ದು ಒಂದೇ ಪಿನ್ನು, ಹುಡುಕಿದವರು ಮೂವರು, ನಿದ್ದೆಗೆಟ್ಟವನಂತೆ ಒದ್ದಾಡಿದವನು ಗೋವರ್ಧನ ಒಬ್ಬನೇ ಎಂಬುದರಲ್ಲಿ ಮಾತ್ರ ಎರಡೂ ಪಾಠಗಳಿಗೆ ಭಿನ್ನಾಭಿಪ್ರಾಯವಿಲ್ಲ.

ಪಿನ್ನು ಅವನ ಸೋದರತ್ತೆ ಕುಸುಮಾವತಿಯದು. ಎಪ್ಪತ್ತೆರಡರ ಅತ್ತೆ ಎಡಗೈಯ ಬಳೆಗೆ ಸದಾ ಮೂರು ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಸೆರಗಿಗೆ ಒಂದು, ಹರಿದ ಚೀಲಕ್ಕೆ ಒಂದು, ಉಳಿದದ್ದು ಲೋಕೋಪಕಾರಕ್ಕೆ. ತಾಯಿಯಿಲ್ಲದ ಗೋವರ್ಧನನನ್ನು ಸಾಕಿದವರು ಅವರೇ. ಗದ್ದೆಯಂಚಿನಿಂದ ಕುಂಟುತ್ತಾ ಬಂದ ಹುಡುಗನ ಪಾದವನ್ನು ಮಡಿಲಲ್ಲಿಟ್ಟುಕೊಂಡು, ಬಳೆಯ ಪಿನ್ನು ಬಿಚ್ಚಿ, ಅವರು ತೆಗೆದ ಮುಳ್ಳುಗಳನ್ನೆಲ್ಲ ಸಾಲಾಗಿ ನೆಟ್ಟಿದ್ದರೆ ಮನೆಗೊಂದು ಬೇಲಿಯಾಗುತ್ತಿತ್ತು.

ಈಗ ಹುಡುಗನಿಗೆ ನಲವತ್ತೊಂಬತ್ತು. ಉಪ್ಪುಂದದಲ್ಲಿ ಜೆರಾಕ್ಸ್ ಅಂಗಡಿ, ದಿನಕ್ಕೆ ಆರು ಲೋಟ ಬೆಲ್ಲದ ಚಹಾ, ಮದುವೆಯ ಯೋಚನೆ ಇಲ್ಲ. ಪಾದ ನೋಡುವ ಸರದಿ ಅವನದಾಗಿತ್ತು. ಸಕ್ಕರೆ ಕಾಯಿಲೆಯು ಅತ್ತೆಯ ಕಾಲಿನ ನರಗಳನ್ನು ಸದ್ದಿಲ್ಲದೆ ತಿಂದುಹಾಕಿತ್ತು. ಕುಂದಾಪುರದ ಡಾಕ್ಟರು ಗಾಳದ ದಾರದಂತಹ ನೂಲಿನಿಂದ ಅಂಗಾಲನ್ನು ಹತ್ತು ಕಡೆ ಮುಟ್ಟಿ, ಹತ್ತು ಸಲವೂ "ಗೊತ್ತಾಯಿತೆ?" ಎಂದು ಕೇಳಿದಾಗ, ಕಣ್ಣು ಮುಚ್ಚಿ ಮಲಗಿದ್ದ ಅತ್ತೆ, "ನೀವ್ ಮೊದ್ಲ್ ಮುಟ್ಟಿ ಮರ್ರೆ, ಆಮೇಲ್ ಹೇಳ್ತೆ" ಎಂದಿದ್ದರು.

ಹಿಂದಿನ ವರ್ಷ ಕಾದ ಅಂಗಳದಲ್ಲಿ ಭತ್ತ ಕಾಲಾಡಿಸುವಾಗ, ಅಂದರೆ ಒಣಗಲು ಹರವಿದ್ದನ್ನು ಪಾದದಿಂದ ಮಗುಚುವಾಗ, ಎದ್ದ ಗುಳ್ಳೆ ಹುಣ್ಣಾಗಿ, ಮಾಯಲು ಮೂರು ತಿಂಗಳು ಹಿಡಿದಿತ್ತು. ಇನ್ನೊಂದು ಗಾಯವಾದರೆ ಬೆರಳು ಉಳಿಯುವ ಭರವಸೆಯಿಲ್ಲ ಎಂದ ಡಾಕ್ಟರು ಗೋವರ್ಧನನ ಕಡೆ ತಿರುಗಿ, "ಅವರ ಕಾಲಿಗೆ ಇನ್ನು ನೀವೇ ಕಣ್ಣು" ಎಂದರು. ಆ ಪದವಿಯನ್ನು ಅವನು ಪಂಚಾಯತಿ ಅಧ್ಯಕ್ಷಗಿರಿಯಂತೆ ಸ್ವೀಕರಿಸಿದ. ದಿನವೂ ಸಂಜೆ ಕೈಗನ್ನಡಿ ಹಿಡಿದು ಅತ್ತೆಯ ಅಂಗಾಲಿನ ತಪಾಸಣೆ. ಮನೆಯೊಳಗೂ ಹಾಕಿಕೊಳ್ಳಲು ನೀಲಿ ಬಣ್ಣದ ಮೆತ್ತನೆಯ ಚಪ್ಪಲಿ. ಚಪ್ಪಲಿ ಮಾತ್ರ ಮೂಲೆ ಬಿಟ್ಟು ಬಂದಿರಲಿಲ್ಲ.

"ದೇವ್ರ್ ಇಪ್ಪು ಮನಿ ಒಳ್ಗ್ ಚಪ್ಲಿಯಾ? ನಂಗೇನ್ ಹುಚ್ಚ್ ಹಿಡ್ದಿತ್ತಾ?" ಎನ್ನುವುದು ಅತ್ತೆಯ ಉತ್ತರ.

ಫಾಲ್ಗುಣದ ಆ ಬೆಳಿಗ್ಗೆ, ಬೇಯಿಸಿದ ಭತ್ತವನ್ನು ಸಿಮೆಂಟಿನ ಅಂಗಳದಲ್ಲಿ ಹರವಿ ಒಳಗೆ ಬಂದ ಅತ್ತೆ ಅಡುಗೆಮನೆಯಿಂದ ಕೂಗಿದರು. "ಮಗಾ, ಬಳೆಗ್ ಎರಡೇ ಪಿನ್ ಇತ್ತ್ ಕಾಣ್! ಮೂರನೇದ್ ಎಲ್ಲ್ ಹೋಯ್ತೋ ಎಂತದೋ."

ಗೋವರ್ಧನ ಚಹಾ ಲೋಟವನ್ನು ಬಿಟ್ಟು ಓಡಿದ. ಬಾಯಿ ತೆರೆದ ಪಿನ್ನೊಂದು ನೆಲದಲ್ಲೆಲ್ಲೋ ಬಿದ್ದಿದೆ. ಚುಚ್ಚಿದರೂ ತಿಳಿಯದ ಎರಡು ಪಾದಗಳು ಆ ನೆಲದ ಮೇಲೆ ಓಡಾಡುತ್ತಿವೆ. "ಅತ್ತೇ, ನಿಂತಲ್ಲೇ ನಿಲ್ಲಿ! ಕಾಲ್ ಎತ್ತ್‌ಬೇಡಿ!" ಎಂದವನೇ, ಅವರನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ಜಗಲಿಯ ಕುರ್ಚಿಯ ಮೇಲೆ ಉತ್ಸವಮೂರ್ತಿಯಂತೆ ಪ್ರತಿಷ್ಠಾಪಿಸಿದ. ಕನ್ನಡಿ ತಂದು ಅಂಗಾಲು ನೋಡಿದ. ಪಿನ್ನಿಲ್ಲ. ಇನ್ನೊಮ್ಮೆ ನೋಡಿದ.

"ದೇವ್ರ ಪಾದಕ್ಕೂ ಇಷ್ಟ್ ಪೂಜೆ ಇಲ್ಲೆ" ಎಂದರು ಅತ್ತೆ.

ಗಲಾಟೆ ಕೇಳಿ ಮೂಕಾಂಬಿಕಾ ಬೇಲಿ ದಾಟಿ ಬಂದಳು. ಕರೆಯದೆ ಬರುವುದರಲ್ಲಿ ಆಕೆ ಮಳೆಗಿಂತ ಮುಂದೆ. "ಹ್ವಾಯ್, ಎಂತ ಆಯ್ತ್?"

ವಿಷಯ ಕೇಳಿ ಆಕೆಯೂ ಪೊರಕೆ ಹಿಡಿದಳು. ಚಾಪೆ ಕೊಡವಿದರು, ಡಬ್ಬಿಗಳನ್ನು ಸರಿಸಿದರು, ಕೆಂಪು ಗಾರೆಯ ನೆಲವನ್ನು ಮೂರು ಸಲ ಗುಡಿಸಿದರು. ಗೋವರ್ಧನ ಕೋಣೆಯಿಂದ ಕೋಣೆಗೆ ನಡೆದು ಕೊನೆಗೆ, "ಒಳ್ಗಂತೂ ಇಲ್ಲೆ. ಅಂಗ್ಳದಲ್ಲೇ ಬಿದ್ದಿತ್ತ್" ಎಂದು ತೀರ್ಪಿತ್ತು ಒಂದು ಹೆಜ್ಜೆ ಇಟ್ಟ.

ಟಿಕ್.

"ಕೇಂಡ್ಯಾ?" ಮೂಕಾಂಬಿಕಾಳ ಕಣ್ಣರಳಿತು. "ಹಲ್ಲಿ ನುಡೀತ್! ಸತ್ಯ, ಸತ್ಯ." ಆಕೆ ಬಾಗಿ ನೆಲವನ್ನು ಬೆರಳಿನಿಂದ ಮೂರು ಸಲ ತಟ್ಟಿದಳು.

"ಹೌದಾ?" ಎಂದು ಗೋವರ್ಧನ ಇನ್ನೊಂದು ಹೆಜ್ಜೆ ಇಟ್ಟ. ಟಿಕ್. ಎರಡು ಸಲ ನುಡಿದ ಹಲ್ಲಿಯ ತೀರ್ಪಿನ ವಿರುದ್ಧ ಮನವಿ ಸಲ್ಲಿಸುವ ಮೇಲಿನ ನ್ಯಾಯಾಲಯ ಬಿಜೂರಿನಲ್ಲಿ ಯಾವುದೂ ಇಲ್ಲ. ಹುಡುಕಾಟ ಅಂಗಳಕ್ಕೆ ಇಳಿಯಿತು.

ಅಂಗಳದ ತುಂಬ ಭತ್ತ. ಅದರಲ್ಲಿ ಒಂದು ಪಿನ್ನು. ಮೂಕಾಂಬಿಕಾ ಜರಡಿ ತರುತ್ತೇನೆಂದಳು. ಗೋವರ್ಧನನಿಗೆ ಅದಕ್ಕಿಂತ ಸುಲಭದ ಉಪಾಯವೊಂದು ಹೊಳೆಯಿತು.

"ಅತ್ತೆ ಕಾಲಿಗ್ ಗೊತ್ತಾತಿಲ್ಲೆ. ನನ್ ಕಾಲಿಗ್ ಗೊತ್ತಾತ್ತಲ? ಇಡೀ ಭತ್ತ ನಾನೇ ಕಾಲಾಡಿಸ್ತೆ. ಚುಚ್ಚಿದ್ರೆ ಪಿನ್ ಸಿಕ್ತ್, ಚುಚ್ಚದಿದ್ರೆ ಪಿನ್ ಇಲ್ಲೆ!"

"ಅಬ್ಬಾ, ಬುದ್ಧಿಯೇ!" ಎಂದಳು ಮೂಕಾಂಬಿಕಾ.

ಅವನು ಪಾದಗಳನ್ನು ನೆಲಕ್ಕೆ ಉಜ್ಜುತ್ತಾ, ಭತ್ತದಲ್ಲಿ ಸಾಲು ಎಳೆಯುತ್ತಾ, ಎತ್ತಿಲ್ಲದ ನೇಗಿಲಿನಂತೆ ಆ ತುದಿಯಿಂದ ಈ ತುದಿಗೆ ನಡೆದ. ಕುರ್ಚಿಯಿಂದ ಅತ್ತೆಯ ನಿರ್ದೇಶನ ಬರುತ್ತಿತ್ತು. "ಬದಿಗ್ ಹೋಗ್. ಅಡಿದ್ ಭತ್ತ ಮೇಲ್ ಬರ್ಕ್. ಎಂತ, ಭತ್ತ ಹ್ಯಾಂಗಿತ್ತ್?"

"ಮೆತ್ತಗಿತ್ತ್ ಅತ್ತೆ, ಹತ್ತಿ ಮೆಟ್ಟಿದಾಂಗೆ!"

ಅತ್ತೆ ಹುಬ್ಬು ಗಂಟಿಕ್ಕಿದರು. ಬಿಸಿಲಿಗೆ ಬಿದ್ದ ಭತ್ತ ಹತ್ತಿಯಂತಾಗುವುದನ್ನು ಅವರು ತಮ್ಮ ಆಯುಷ್ಯದಲ್ಲಿ ಕಂಡಿರಲಿಲ್ಲ. ಭತ್ತ ಒಣಗಿತೋ ಇಲ್ಲವೋ ಎಂದು ಮೆಟ್ಟಿ ಹೇಳುವ ಅವರ ಅಂಗಾಲಿನ ಮಾತಿಗೆ ಒಂದು ಕಾಲದಲ್ಲಿ ಊರೇ ಅಂಗಳದಿಂದ ಭತ್ತ ಎತ್ತುತ್ತಿತ್ತು. ಕಾಲು ಮೂಕವಾದಂದಿನಿಂದ ಅವರು ಗುಟ್ಟಾಗಿ ಒಂದು ಕಾಳನ್ನು ಕಚ್ಚಿ ನೋಡುತ್ತಿದ್ದರು. ಈಗಲೂ ಒಂದು ಕಾಳನ್ನು ತರಿಸಿಕೊಂಡು ಕಚ್ಚಿದರು. ಚೆನ್ನಾಗಿ ಒಣಗಿದ್ದ ಕಾಳು ಕಟಕ್ಕೆಂದಿತು. ಅವರು ಅಳಿಯನ ನಡಿಗೆಯನ್ನೇ ನೋಡುತ್ತಾ ಕುಳಿತರು.

ಮಧ್ಯಾಹ್ನ ಅಣ್ಣಯ್ಯ ಭತ್ತ ಒಯ್ಯಲು ಗೂಡ್ಸ್ ರಿಕ್ಷಾದಲ್ಲಿ ಬಂದ. ಗೋವರ್ಧನ ಫೋನಿನಲ್ಲಿ ಬೇಡಿಕೊಂಡಿದ್ದರಿಂದ ಮಿಲ್ಲಿನ ಅಯಸ್ಕಾಂತವನ್ನೂ ತಂದಿದ್ದ. ಭತ್ತದಲ್ಲಿ ಬರುವ ಮೊಳೆಗಳನ್ನು ಹಿಡಿಯಲು ಬಳಸುವ, ಹಗ್ಗ ಕಟ್ಟಿದ ಭಾರದ ತುಂಡು ಅದು. ರಿಕ್ಷಾದ ಬದಿಯಲ್ಲಿ ಚಪ್ಪಲಿ ಬಿಟ್ಟು ಅಂಗಳಕ್ಕೆ ಕಾಲಿಟ್ಟವನು ಅದೇ ವೇಗದಲ್ಲಿ ಜಗಲಿಗೆ ಹಾರಿದ.

"ಅಯ್ಯಯ್ಯೋ! ಅಂಗ್ಳವಾ ಇದ್, ಕಾವಲಿಯಾ?"

"ಎಂತ ಮರಾಯ, ತಂಪಿತ್ತಲ" ಎಂದ ಗೋವರ್ಧನ, ನಟ್ಟನಡುವೆ ನಿಂತುಕೊಂಡು.

ಮೂಕಾಂಬಿಕಾ ಪರೀಕ್ಷಿಸಲೆಂದು ಒಂದು ಹೆಬ್ಬೆರಳನ್ನು ಇಟ್ಟು ಚೀರಿದಳು. ಆಮೇಲೆ ಇಬ್ಬರೂ ಅವನನ್ನು ಕೆಂಡ ಹಾಯ್ದವನನ್ನು ನೋಡುವಂತೆ ನೋಡಿದರು. "ಅತ್ತೆ ಸೇವೆ ಮಾಡಿದ ಪುಣ್ಯ. ಬಿಸ್ಲೂ ಸುಡುದಿಲ್ಲೆ ಕಾಣಿ" ಎಂದಳು ಮೂಕಾಂಬಿಕಾ. ಗೋವರ್ಧನ ವಿನಯದಿಂದ ತಲೆ ಬಾಗಿಸಿದ. ಹೊಗಳಿಕೆಗಾಗಿ ಇನ್ನೊಂದು ಸುತ್ತು ಹೆಚ್ಚಿಗೆ ನಡೆದ.

ಅಯಸ್ಕಾಂತ ಭತ್ತದ ಮೇಲೆಲ್ಲ ಹರಿದಾಡಿತು. ನಾಲ್ಕು ಮೊಳೆ, ಒಂದು ಗಾಳದ ಕೊಕ್ಕೆ, ಸೈಕಲ್ಲಿನ ಬೇರಿಂಗ್ ಗುಂಡು ಎದ್ದವು. ಅಂಗಳದ ಅಂಚಿನಲ್ಲಿ ಮೂಕಾಂಬಿಕಾಳ ಕಪಾಟಿನ ಕೀಲಿಕೈ ಎದ್ದಿತು. ಆ ಕಪಾಟನ್ನು ಒಡೆಸಿ ಎರಡು ವರ್ಷವಾಗಿತ್ತು. ಪಿನ್ನು ಮಾತ್ರ ಏಳಲಿಲ್ಲ.

"ಇಡೀ ದಿನ ಮೆಟ್ಟಿದೆ, ಒಂದ್ ಕಡೆಯೂ ಚುಚ್ಚ್‌ಲಿಲ್ಲೆ. ಹಾಂಗಾದ್ರೆ ಪಿನ್ ಈ ಮನಿಯಲ್ಲೇ ಇಲ್ಲೆ" ಎಂದು ಗೋವರ್ಧನ ಜಗಲಿ ಹತ್ತಿದ. ಗಾರೆಯ ಮೇಲೆ ಟಿಕ್ ಎಂದಿತು.

"ಸತ್ಯ, ಸತ್ಯ" ಎಂದಳು ಮೂಕಾಂಬಿಕಾ.

"ಬಾಯ್ ಮುಚ್ಚ್ ಮರಾಯ್ತಿ" ಎಂದರು ಅತ್ತೆ. ಆ ದಿನ ಅವರ ಧ್ವನಿ ಏರಿದ್ದು ಅದೊಂದೇ ಸಲ.

ಗೋವರ್ಧನ ಅವರ ಕಾಲ ಬಳಿ ಕುಳಿತು, ತನ್ನ ಕಾಲುಗಳನ್ನು ಹಿಂದಕ್ಕೆ ಮಡಚಿ, ಕೊನೆಯ ತಪಾಸಣೆಗೆಂದು ಕನ್ನಡಿ ಹಿಡಿದ. ಅತ್ತೆಯ ಅಂಗಾಲುಗಳಲ್ಲಿ ಒಂದು ಗೀರೂ ಇರಲಿಲ್ಲ. ಇಡೀ ದಿನದ ದಣಿವು ಅವನ ಮುಖದಿಂದ ಇಳಿದುಹೋಯಿತು. "ಬಚಾವ್ ಅತ್ತೆ!" ಎಂದ.

ಆಗ ಹೊರಡಲೆಂದು ಅಣ್ಣಯ್ಯ ಹಗ್ಗ ಹಿಡಿದು ಅಯಸ್ಕಾಂತವನ್ನು ಎತ್ತಿದ. ಅದು ಗಂಟೆಯ ನಾಲಿಗೆಯಂತೆ ಒಮ್ಮೆ ಓಲಾಡಿ, ದಾರಿ ಬದಲಿಸಿ, ಗೋವರ್ಧನನ ಬಲ ಹಿಮ್ಮಡಿಗೆ ಟಕ್ಕನೆ ಅಂಟಿಕೊಂಡಿತು.

ಗೋವರ್ಧನ ಇನ್ನೂ ಕನ್ನಡಿಯಲ್ಲಿ ಅತ್ತೆಯ ಕಿರುಬೆರಳನ್ನು ನೋಡುತ್ತಿದ್ದ.

ಅತ್ತೆ ಕುರ್ಚಿಯಿಂದ ಇಳಿದು ಅವನ ಹಿಂದೆ ಕುಳಿತರು. ಅವನ ಪಾದವನ್ನು ಮಡಿಲಿಗೆ ಎಳೆದುಕೊಂಡರು. ಅಂಗಾಲಿನ ತುಂಬ ಹಲಸಿನ ಬೀಜದ ಗಾತ್ರದ ಗುಳ್ಳೆಗಳು. ಹಿಮ್ಮಡಿಯ ದಪ್ಪ ಚರ್ಮದಲ್ಲಿ ತಲೆಯೊಂದನ್ನೇ ಹೊರಗಿಟ್ಟು ಹೂತುಹೋದ ಪಿನ್ನು. ಅವರು ಅದರ ತಲೆಯನ್ನು ಮೆಲ್ಲಗೆ ಒತ್ತಿದರು.

"ಮಗಾ, ಇಲ್ಲ್ ನೋಯ್ತಾ?"

"ಎಲ್ಲ್ ಅತ್ತೆ?" ಎಂದು ಕೇಳಿದ ಗೋವರ್ಧನ.

ಕೇಳಿದ ಮೇಲೆ ಅವನೇ ತಿರುಗಿ ನೋಡಿದ. ಕೈಯಲ್ಲಿದ್ದ ಕನ್ನಡಿ ನಿಧಾನವಾಗಿ ಕೆಳಗಿಳಿಯಿತು.

ನಲವತ್ತು ವರ್ಷದ ಹಿಂದೆ ಇದೇ ಜಗಲಿಯಲ್ಲಿ, ಮುಳ್ಳು ಮುಟ್ಟುವ ಮೊದಲೇ ಊರಿಗೆ ಕೇಳುವಂತೆ ಅಳುತ್ತಿದ್ದ ಹುಡುಗ ಅವನು. ಅತ್ತೆ ಪಿನ್ನು ಎಳೆದು ತೆಗೆದಾಗ ಈ ಸಲ ತುಟಿ ಪಿಟಕ್ಕೆನ್ನಲಿಲ್ಲ. ಅತ್ತೆಯೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಾಯ ತೊಳೆದು ಬಟ್ಟೆ ಸುತ್ತಿದರು. ಆಮೇಲೆ ಮೂಲೆಯಿಂದ ನೀಲಿ ಚಪ್ಪಲಿ ತರಿಸಿ ಅವನ ಮುಂದಿಟ್ಟರು. "ನಾಳೆ ಕುಂದಾಪ್ರಕ್ಕ್ ಹೋಪ. ನಿಂಗೂ ಡಾಕ್ಟ್ರ್ ದಾರ ಮುಟ್ಸ್ತ್ರ್. ಅಲ್ಲಿವರಿಗ್ ಇದ್ ಹಾಯ್ಕೊ."

"ಅತ್ತೇ, ದೇವ್ರ್ ಇಪ್ಪು ಮನಿ ಒಳ್ಗ್..."

"ದೇವ್ರಿಗ್ ನಾನ್ ಹೇಳ್ತೆ. ಹೆದ್ರಬೇಡ ಮಗಾ. ನಿನ್ ಕಾಲ್ ನಾನ್ ಕಾಂತೆ, ನನ್ ಕಾಲ್ ನೀನ್ ಕಾಣ್."

ಆ ಮಾತಿಗೆ ಟಿಕ್ ಎಂದಿತು. ಗೋಡೆಯ ಮೇಲೆ ನಿಜವಾದ ಹಲ್ಲಿಯೇ ನುಡಿಯಿತೆಂದು ಮೂಕಾಂಬಿಕಾಳ ಪಾಠ. ಅತ್ತೆ ಪಿನ್ನಿನ ಬಾಯಿ ಮುಚ್ಚಿ ಬಳೆಗೆ ಸಿಕ್ಕಿಸಿದ ಸದ್ದೆಂದು ಅಣ್ಣಯ್ಯನ ಪಾಠ. ಗೋವರ್ಧನನನ್ನು ಕೇಳಿದರೆ ಅವನು ಚಪ್ಪಲಿಯ ಮಾತೆತ್ತುತ್ತಾನೆ. ಅದು ಅವನಿಗೆ ಎರಡು ಅಂಗುಲ ಗಿಡ್ಡವಾಗಿತ್ತಂತೆ. ಆದರೆ ಹಿಮ್ಮಡಿ ನೆಲಕ್ಕೆ ತಾಗುತ್ತಿದೆ ಎಂಬುದು ಗೊತ್ತಾದದ್ದು ಅತ್ತೆ ಕನ್ನಡಿ ಹಿಡಿದು ತೋರಿಸಿದ ಮೇಲೆಯೇ.