ರೊಟ್ಟಿ ಯಂತ್ರದೊಳಗಿನ ಕಾವಲುನಾಯಿಗೆ

ಮಾನ್ಯ ವಾಚ್‌ಡಾಗ್ ಟೈಮರ್ ಅವರೇ,

ಪುಣೆಯ ಕಾತ್ರಜದಲ್ಲಿ ಖಾನಾವಳಿ ನಡೆಸುವ ರುದ್ರವ್ವ ಹಿಟ್ಟಿನ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ನಮ್ಮ ಜೋಳದ ರೊಟ್ಟಿ ಯಂತ್ರದ ಹೊಟ್ಟೆಯಲ್ಲಿ ತಾವು ಕ್ಷೇಮವೆಂದು ನಂಬಿದ್ದೇನೆ. ಯಂತ್ರವನ್ನು ತಳೇಗಾಂವದ ಕಾರ್ಖಾನೆಯಿಂದ ತಂದ ಇಂಜಿನಿಯರ್ ನೀಲಿಮಾ ತಮ್ಮ ಪರಿಚಯ ಮಾಡಿಕೊಟ್ಟಿದ್ದಾರೆ: ಯಂತ್ರ ನಡೆಸುವ ಪ್ರೋಗ್ರಾಂ ತಾನು ಎಚ್ಚರವಿದ್ದೇನೆಂದು ತೋರಿಸಲು ಆಗಾಗ ತಮಗೊಂದು ತುತ್ತು ಹಾಕಬೇಕು, ತುತ್ತು ತಪ್ಪಿದರೆ ಅದು ಎಲ್ಲೋ ಸಿಕ್ಕಿಕೊಂಡಿದೆಯೆಂದು ತಿಳಿದು ತಾವು ಇಡೀ ಯಂತ್ರವನ್ನೇ ಮೊದಲಿನಿಂದ ಶುರುಮಾಡಿಸುತ್ತೀರಿ. ಎಂಥ ಘನ ಉದ್ಯೋಗ!

ಆದರೆ ಈ ಉದ್ಯೋಗವನ್ನು ತಾವು ಬೆಳಗಾವಿಯ ಬಸ್ಸು ಊಟಕ್ಕೆ ನಿಂತ ಹೊತ್ತಿಗೇ ನೆರವೇರಿಸಿ, ಹಸಿದವರ ಮುಂದೆ ಪರದೆಯ ಮೇಲೆ 'ಸ್ವಾಗತ' ಎಂದು ಬರೆದು, ತವೆ ಮತ್ತೆ ಬಿಸಿಯಾಗುವವರೆಗೆ ನನ್ನ ಮಾನ ಕಳೆಯುತ್ತಿದ್ದಿರಿ. ಅದೇ ಕಾರ್ಖಾನೆಯಲ್ಲಿರುವ ನನ್ನ ಮೈದುನ ಮಾಂತು ಇದನ್ನು ನೋಡಲಾರದೆ, ತುತ್ತು ಹಾಕುವ ಕೆಲಸವನ್ನು ಪ್ರೋಗ್ರಾಮಿನ ಕೈಯಿಂದ ಕಿತ್ತು ಒಳಗಿನ ಗಡಿಯಾರಕ್ಕೆ ವಹಿಸಿದ. ತಾವೂ ಹೊತ್ತುಹೊತ್ತಿಗೆ ಉಂಡು ಸುಮ್ಮನಾದಿರಿ. ಬುಧವಾರ ಮಧ್ಯಾಹ್ನ ಪ್ರೋಗ್ರಾಂ ನಿಂತಲ್ಲೇ ನಿಂತು, ರೊಟ್ಟಿ ಇದ್ದಿಲಾಗಿ, ಹೊಗೆ ರಸ್ತೆ ದಾಟಿದರೂ ಗಡಿಯಾರ ತುತ್ತು ಹಾಕುತ್ತಲೇ ಇತ್ತು, ತಾವು ಬಾಲ ಅಲ್ಲಾಡಿಸುತ್ತಲೇ ಇದ್ದಿರಿ. ಬೆಳಗಾವಿ ಬಸ್ಸಿನ ಚಾಲಕ ಸಿದ್ದಾರೂಢ, "ಅಕ್ಕಾರ, ನಾಳಿಂದ ಮುಂದಿನ ಹೋಟೆಲಿಗೆ ನಿಲ್ಲಸ್ತೀನ್ರಿ" ಅಂದುಬಿಟ್ಟ. ಆ ಬಸ್ಸಿನವರೇ ಬಾರದಿದ್ದರೆ ನನ್ನ ಖಾನಾವಳಿ ನಡೆಯುವುದಿಲ್ಲ, ನಿಜಕ್ಕೂ ಹೆದರಿದೆ.

ನೀಲಿಮಾ ಬಂದು ಬಿಚ್ಚಿ ನೋಡಿದರೆ, ಹಿಟ್ಟು ಬಂತೆಂದು ತಿಳಿಸುವ ಸೆನ್ಸರಿಗೆ ಹಿಟ್ಟೇ ಮೆತ್ತಿ, ಪ್ರೋಗ್ರಾಂ ಬಾರದ ಉತ್ತರಕ್ಕೆ ಕಾದು ಕೂತಿತ್ತು. ಅಂದರೆ ತಾವು ಮೊದಲು ಬೊಗಳಿದ್ದೆಲ್ಲ ಖರೆ! ಅವರು ಸೆನ್ಸರ್ ಒರೆಸಿ ಹೊಸ ಕಟ್ಟಳೆ ಮಾಡಿದ್ದಾರೆ: ಹಿಟ್ಟು ಬಂದು, ತವೆ ಹದವಾಗಿ, ರೊಟ್ಟಿ ಹೊರಬಿದ್ದರಷ್ಟೇ ತಮಗೆ ತುತ್ತು.

ಇದೇ ಕಟ್ಟಳೆಯನ್ನು ತಾವು ಮಾಂತುವಿನ ಊಟಕ್ಕೂ ಅನ್ವಯಿಸಬೇಕಾಗಿ ಪ್ರಾರ್ಥನೆ. ನಮ್ಮ ಕನ್ನಡ ಸಂಘದ ಅಧ್ಯಕ್ಷರು ಭಾಷಣದ ನಡುವೆ ಒಂದೇ ವಾಕ್ಯಕ್ಕೆ ಸಿಕ್ಕಿಕೊಂಡಾಗ ಅವರನ್ನೂ ಶುರುಮಾಡಿಸಬೇಕು, ಆದರೆ ದಯವಿಟ್ಟು ಮೊದಲಿನಿಂದಲ್ಲ, ಕೊನೆಯಿಂದ. ಸಿದ್ದಾರೂಢ ನನ್ನ ಮಾತಿಗೆ ಇವತ್ತೊಂದು ದಿನ ಬಸ್ಸು ನಿಲ್ಲಿಸಲು ಒಪ್ಪಿದ್ದಾನೆ. ಮರ್ಯಾದೆ ತಮ್ಮ ಕೈಯಲ್ಲಿದೆ.

ಇಂತಿ, ಕಾದ ತವೆಯ ಪಕ್ಕದಿಂದ
ತಮ್ಮ ವಿಶ್ವಾಸಿ,
ರುದ್ರವ್ವ

ವಿ.ಸೂ.: ಬಸ್ಸು ನಿಂತಿತು. ತಾವು ಸರಿಯಾಗಿ ಆಗಲೇ ಒಮ್ಮೆ ಯಂತ್ರವನ್ನು ಮೊದಲಿನಿಂದ ಶುರುಮಾಡಿಸಿದಿರಿ. ತವೆ ಬಿಸಿಯಾಗುವಷ್ಟರಲ್ಲಿ ನಾನು ಹಿಂದಿನ ಒಲೆಯ ಮೇಲೆ ಕೈಯಾರೆ ಬಡಿದು ಬಡಿಸಿದ ರೊಟ್ಟಿ ಉಂಡು ಸಿದ್ದಾರೂಢ, "ಮಷೀನು ಈಗ ಭಾಳ ಹದಕ್ಕ ಬಂದದ ನೋಡ್ರಿ, ನಾಳೆನೂ ಬರ್ತೀನಿ" ಅಂದ. ಇದೊಂದು ವಿಷಯದಲ್ಲಿ ಮಾತ್ರ ತಾವು ಬೊಗಳಬಾರದು.