ನೆಗ್ಗಿದ ಮುಚ್ಚಳದ ಪೋಸ್ಟರು

ನನ್ನ ಸೋದರಮಾವನಂಥ ಅಕ್ಷರದ್ವೇಷಿ ಬಂಟ್ವಾಳ ತಾಲೂಕಿನಲ್ಲೇ ಇನ್ನೊಬ್ಬರಿರಲಿಲ್ಲ! ಓದು ಬಾರದವರೆಂದು ತಿಳಿಯಬೇಡಿ. ಪತ್ರಿಕೆಯನ್ನು ಜಾಹೀರಾತು ಸಮೇತ ಓದುತ್ತಿದ್ದರು. ಆದರೆ ಊರಿನ ಯಕ್ಷಗಾನದಾಟ, ನಾಟಕ, ಪಂದ್ಯಗಳಿಗೆ ಪೋಸ್ಟರ್ ಬರೆಯಲು ಕುಳಿತರೆ ಅಕ್ಷರ ಕಂಡರಾಗದು. ಒಂದು ದೊಡ್ಡ ಕೆಂಪು ವೃತ್ತ, ಎರಡು ಕಪ್ಪು ತ್ರಿಕೋನ, ಅಡ್ಡಲಾಗಿ ಹಳದಿ ಪಟ್ಟಿ. ಮುಗಿಯಿತು! ದಿನ, ಸ್ಥಳ, ಸಮಯವೆಲ್ಲ ಕೆಳಗಿನ ಮೂಲೆಯಲ್ಲಿ ಇರುವೆಸಾಲಿನ ಹಾಗೆ.

ವೃತ್ತ ಎಳೆಯಲು ಅವರ ಬಳಿ ಕೈವಾರವೆಲ್ಲಿತ್ತು? ಅಮ್ಮನ ಅನ್ನದ ಪಾತ್ರೆಯ ಹಿತ್ತಾಳೆ ಮುಚ್ಚಳವೇ ಕೈವಾರ. ಅದು ಎಂದೋ ಬಿದ್ದು ಒಂದು ಬದಿ ನೆಗ್ಗಿತ್ತು. ಹೀಗಾಗಿ ಮಾವನ ಎಲ್ಲ ವೃತ್ತಗಳಿಗೂ ಅದೇ ನೆಗ್ಗು. ನಮ್ಮ ಮನೆಯ ಅನ್ನ ಬೇಯುತ್ತಿದ್ದುದು ಬಾಳೆಲೆ ಮುಚ್ಚಿಕೊಂಡು!

ಒಮ್ಮೆ ಮೂಡಬಿದ್ರೆಯ ವಾಲಿಬಾಲ್ ಪಂದ್ಯದ ಕಾರ್ಯದರ್ಶಿ ಪೋಸ್ಟರನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದರಲ್ಲಿ ಆಟಗಾರರು ಎಲ್ಲಿದ್ದಾರೆ ಮಾರಾಯ್ರೇ?"

"ಚೆಂಡು ಇನ್ನೂ ಮೇಲೆ ಉಂಟಲ್ಲ! ಕೆಳಗೆ ಬರುವಾಗ ಅವರೂ ಬರ್ತಾರೆ."

"ಚೆಂಡು ನೆಗ್ಗಿದ್ದು ಯಾಕೆ?"

"ಅಷ್ಟು ಜೋರು ಹೊಡೆದರೆ ನೆಗ್ಗುವುದಿಲ್ವಾ?"

ಯಕ್ಷಗಾನಕ್ಕೆ ಬರೆದಾಗ ಅದೇ ವೃತ್ತ ರಕ್ಕಸನ ಕಣ್ಣಾಯಿತು. ಇನ್ನೊಂದು ಕಣ್ಣೆಲ್ಲಿ ಎಂದು ಮೇಳದವರು ಕೇಳಿದರೆ, "ಆಟ ಬೆಳಗಿನವರೆಗೆ ಉಂಟಲ್ಲ, ಒಂದು ಕಣ್ಣಾದ್ರೂ ಸ್ವಲ್ಪ ಮಲಗ್ಲಿ" ಎಂದುಬಿಟ್ಟರು!

ನಾನು ಬೆಳ್ತಂಗಡಿಯಲ್ಲಿ ಹೊಸದಾಗಿ ಮೇಷ್ಟ್ರಾಗಿದ್ದೆ. ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನ ಮೊದಲ ನಾಟಕ. ಅದನ್ನು ಅಮ್ಮ ನೋಡಬೇಕೆಂದು ನನಗೆ ಬಹಳ ಆಸೆ. ಆದರೆ ಅಮ್ಮನಿಗೆ ಓದು ಬಾರದು. ಹಿಂದೊಮ್ಮೆ ಬಿ.ಸಿ.ರೋಡಿನಲ್ಲಿ ಬೆಳ್ತಂಗಡಿಯ ಬಸ್ಸೆಂದು ಹತ್ತಿ ಮೂಡಬಿದ್ರೆಗೆ ಹೋಗಿ ಇಳಿದಿದ್ದಳು. ಇಡೀ ಬಸ್ಸು ನಕ್ಕಿತಂತೆ. ಅಂದಿನಿಂದ ಒಬ್ಬಳೇ ಬಸ್ಸು ಹತ್ತಿದ್ದಿಲ್ಲ. ಯಾರನ್ನಾದರೂ ಕೇಳಲೂ ನಾಚಿಕೆ.

"ಮಾವ, ಪೋಸ್ಟರೂ ಮಾಡಿ, ಅಮ್ಮನನ್ನೂ ಕರ್ಕೊಂಡು ಬನ್ನಿ" ಎಂದೆ. ಮೊದಲನೆಯದಕ್ಕೆ ಮಾತ್ರ ತಲೆಯಾಡಿಸಿದರು. ಪೋಸ್ಟರ್ ಬಂತು: ನೆಗ್ಗಿದ ಕೆಂಪು ವೃತ್ತ!

"ನಾಟಕ ಬರೆದವನ ಹೆಸರೆಲ್ಲಿ?"

"ಇರುವೆಗಳ ನಡುವೆ ಹುಡುಕು ಮಾರಾಯ."

ನಾಟಕದ ದಿನ ಬೆಳಿಗ್ಗೆ ಮಾವ ಒಬ್ಬರೇ ಬಂದು ಪರದೆ ಕಟ್ಟತೊಡಗಿದರು. ಅಮ್ಮ ಎಲ್ಲಿ ಎಂದರೆ "ಬರ್ತಾಳೆ" ಎಂಬ ಒಂದೇ ಮಾತು. ಹುಡುಗರೆದುರೇ ಅವರೊಡನೆ ಜಗಳವಾಡಿದೆ. ಈ ಮನುಷ್ಯನಿಗೆ ಆಕಾರ, ಬಣ್ಣ ಬಿಟ್ಟರೆ ಬೇರೇನೂ ಕಾಣುವುದಿಲ್ಲ ಎಂದು ಬೈದುಕೊಂಡೆ.

ಸಂಜೆ ಇನ್ನೇನು ನಾಟಕ ಶುರುವಾಗಬೇಕು, ಬಾಗಿಲಲ್ಲಿ ಅಮ್ಮ! ಬೆವರಿದ್ದಳು. ಆದರೆ ತಲೆಯೆತ್ತಿ ನಡೆದು ಬರುತ್ತಿದ್ದಳು.

"ಯಾರ ಜೊತೆ ಬಂದದ್ದಮ್ಮ?"

"ಒಬ್ಬಳೇ! ಮುಚ್ಚಳದ ಪೋಸ್ಟರ್ ಅಂಟಿಸಿದ ಬಸ್ಸು ಹತ್ತು, ಗೋಡೆ ತುಂಬ ಮುಚ್ಚಳ ಕಂಡಲ್ಲಿ ಇಳಿ ಅಂತ ಹೇಳಿದ್ದ ನಿನ್ನ ಮಾವ. ಮತ್ತೆ ನಿನ್ನ ಶಾಲೆಯವರೆಗೂ ಕಂಬ ಕಂಬದಲ್ಲಿ ನಮ್ಮ ಮುಚ್ಚಳ. ನಾನು ಯಾರನ್ನೂ ಕೇಳಲಿಲ್ಲ ಮಗಾ!"

ನಾನು ಮಾವನತ್ತ ತಿರುಗಿದೆ. "ಜೊತೆಯಲ್ಲೇ ಕರ್ಕೊಂಡು ಬರಬಹುದಿತ್ತಲ್ಲ ಮಾವ?"

ಮಾವ ಪರದೆಯ ಹಗ್ಗದಿಂದ ಕಣ್ಣು ತೆಗೆಯದೆ ಹೇಳಿದರು: "ನಾನಿಲ್ಲದ ದಿನವೂ ಅಕ್ಕನಿಗೆ ಎಲ್ಲಿಗಾದ್ರೂ ಹೋಗ್ಲಿಕ್ಕೆ ಉಂಟಲ್ಲ ಮಾರಾಯ."

ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸುವ ನನಗೆ, ಅಮ್ಮ ಓದಬಲ್ಲಂಥದ್ದೊಂದನ್ನು ಬರೆಯಲು ಎಂದೂ ತೋಚಿರಲಿಲ್ಲ. ಅಲ್ಲೇ ಮಾವನ ಕಾಲು ಮುಟ್ಟಿದೆ.

"ಏಳು ಏಳು, ಪರದೆ ಎಳೀಲಿಕ್ಕೆ ಉಂಟು" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.